ನೆರಳಿಗೊಂದು ನಾಯಿ

ಸಿವಿಲ್ ಲೈನ್ಸಿನ ಸಾಹೇಬರ ಕಾಲನಿ ಗಾರ್ಡನ್ನಿನೊಳಗ ಮನಿಗೆಲಸದವರನ್ನ ಬಿಡ್ತಿರಲಿಲ್ಲ. ಸಾಹೇಬರ ನಾಯಿ ಜೋಡಿ ಬಂದ್ರ ಮಾತ್ರ ಬಿಡ್ತಿದ್ರು. ಹಿಂಗಾಗಿ ದಿನಾ ಸಂಜಿಮುಂದ ಬ್ರೂನೋ ಚಂದ್ರಮ್ಮನ್ನ ಬೇವಿನ ನೆರಳಿಗೆ ಕರ್ಕೊಂಡು ಹೋಗ್ತಿತ್ತು.

ಈ ಮೇ ತಿಂಗಳು ಚಂದ್ರಮ್ಮನ ತಗಡಿನ ಮನಿ ಕಾದ ಹಂಚಾಗಿತ್ತು. ಬಸುರಿ ಸೊಸಿ ರಚನಾ ತಲಿ ತಿರುಗಿ ಬಿದ್ದಿದ್ಲು. ಮಧ್ಯಾಹ್ನ ಅಕಿನ್ನ ಬೇವಿನ ಬುಡಕ್ಕ ಕೂಡಿಸೋ ಆಸೆಯಿಂದ ಚಂದ್ರಮ್ಮ ಒಡತಿ ಶ್ರೀಲಕ್ಷ್ಮಿನ್ನ ಕೇಳಿದ್ಲು.

“ಬಾಯಾರ, ಬ್ರೂನೋನ್ನ ಈಗ ಒಂದೀಟು ಗಾರ್ಡನ್ನಿಗೆ ಒಯ್ಯಲೇನ್ರಿ?”

“ಈ ಬಿಸಿಲಲ್ಲಾ? ಪಾಪ, ಅದರ ಪಾದ ಸುಟ್ಟೋಗುತ್ತೆ ಚಂದ್ರಮ್ಮ. ಎಸಿಯಲ್ಲಿ ಮಲಗಿರ್ಲಿ ಬಿಡು.”

ಚಂದ್ರಮ್ಮ ಸೊಸಿ ಕೈ ಹಿಡಕೊಂಡು ನಾಯಿ ಇಲ್ದನ ಗಾರ್ಡನ್ ಗೇಟಿಗೆ ಹೋದ್ಲು. ಒಳಗ ಒಂದು ನರಪಿಳ್ಳಿನೂ ಇರಲಿಲ್ಲ; ಪೈಪಿನ ನೀರಾಗ ಹುಲ್ಲು ಒಂದೇ ತಂಪಾಗಿ ಜಳಕಾ ಮಾಡ್ತಿತ್ತು.

“ಮಾವ್ಶಿ, ನಾಯಿ ಎಲ್ಲಿ?” ಅಂದ ವಾಚ್‌ಮನ್.

“ಮಲಕೊಂಡೈತಪ್ಪಾ. ಬಸುರಿ ಅದಾಳ, ಒಂದೀಟು ಕುಂದರ್ಲಿ.”

“ನೀ ಹೇಳೋದು ಬರೋಬರ್ ಐತಿ, ಆದ್ರ ನನ್ನ ನೌಕರಿ ಹೋಗ್ತೈತಿ. ನಾಯಿ ಕರ್ಕೊಂಡು ಬಾ.”

ರಚನಾ ಗೇಟಿನ ಮುಂದ ಕುಸಿದು ಕುಂತ್ಲು. “ನಮ್ಮದು ನಾಯಿಪಾಡಾತಲ್ಲ ಅತ್ತಿ.”

“ಎಲ್ಲಿ ನಾಯಿಪಾಡವ್ವಾ,” ಚಂದ್ರಮ್ಮ ಸೆರಗು ಬಿಚ್ಚಿ ಅಕಿ ನೆತ್ತಿಮ್ಯಾಲೆ ಹಿಡಿದ್ಲು. “ಅದಕ್ಕೂ ಪುಣ್ಯ ಬೇಕು.”