ಹನುಮಕ್ಕನ ಬೋಗುಣಿ

ಚಟ್ಟದ ಅಡ್ಡಬಿದಿರಿಗೆ ಹಗ್ಗ ಸುತ್ತುತ್ತಿದ್ದ ಮಂಜ, "ಇನ್ನೊಂದು ಕೈ ಬೇಕಾಗಿತ್ತು" ಅಂದ. ಬೇಲಿಯಾಚೆ ನಿಂತಿದ್ದ ಗಂಡಸರು ಯಾರೂ ಒಳಗೆ ಬರಲಿಲ್ಲ. ೧೯೬೧ರ ಬೇಸಿಗೆ. ಬಾಡ ಊರಿನಲ್ಲಿ ಹನ್ನೊಂದು ವರ್ಷ ಬಾಲವಾಡಿ ನಡೆಸಿದ್ದ ಹನುಮಕ್ಕ ನಿನ್ನೆ ಸಂಜೆ ವಾಂತಿಭೇದಿಯಾಗಿ ಸತ್ತಿದ್ದಳು.

ಕುಮಟೆಯಿಂದ ಸೂಜಿಮದ್ದು ತಂದಿದ್ದ ಕಂಪೌಂಡರ್ ಶಾಂತಾರಾಮ ಅಂಗಳಕ್ಕೆ ಬಿಳಿಪುಡಿ ಚೆಲ್ಲುತ್ತ ಕೇಳಿದ, "ಮೊನ್ನೆ ಇವಳು ಎಂತ ತಿಂದಿದ್ಳು?"

"ಮಕ್ಕಳು ತಂದದ್ದೇ" ಮಂಜ ಹೇಳಿದ. "ಎಲ್ಲರದ್ದೂ ಒಂದೇ ಬೋಗುಣಿಗೆ ಹಾಕಿ ಕಲಸಿ ಹಂಚೂದು. ತಳದಲ್ಲಿ ಉಳಿದದ್ದು ಅವಳಿಗೆ. ಮೊನ್ನೆ ಅವಲಕ್ಕಿಗೆ ಮಜ್ಜಿಗೆ ಹಾಕಿದ್ಳಂತೆ."

"ಮಜ್ಜಿಗೆ ಯಾರ ಮನೇದು?"

ತುಳಸಿಕಟ್ಟೆಯ ಹತ್ತಿರ ನಿಂತಿದ್ದ ಸುಮತಿ ಸೆರಗನ್ನು ಬಾಯಿಗೊತ್ತಿಕೊಂಡಳು.

*

ಸುಮತಿಯ ನಾಲ್ಕು ವರ್ಷದ ಮಗಳು ಶ್ರೀಮತಿ ಮೊದಲು ಯಾರಿಗೂ ಏನೂ ಕೊಡುತ್ತಿರಲಿಲ್ಲ. ಮನೆಯಿಂದ ತಂದ ಬೆಲ್ಲವನ್ನು ಮುಷ್ಟಿಯಲ್ಲಿ ಕರಗುವವರೆಗೂ ಹಿಡಿದು, ಗೋಡೆಗೆ ಮುಖಮಾಡಿ ಕೂರುತ್ತಿದ್ದಳು. ಹನುಮಕ್ಕ ಗದರಲಿಲ್ಲ, ಕೊಡು ಎನ್ನಲೂ ಇಲ್ಲ. ಪಕ್ಕದಲ್ಲಿ ಕುಳಿತು ತನ್ನ ಪಾಲಿನ ಅವಲಕ್ಕಿಯಲ್ಲಿ ಅರ್ಧವನ್ನು ಅವಳ ಮಡಿಲಲ್ಲಿಟ್ಟು, ಉಳಿದದ್ದು ತಿಂದು ಎದ್ದುಹೋಗುತ್ತಿದ್ದಳು. ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ಶ್ರೀಮತಿ ತಾನಾಗಿಯೇ ಬೆಲ್ಲ ಕಚ್ಚಿ, ಅರ್ಧವನ್ನು ಮಂಜನ ಮಗಳು ಕಾಳಿಯ ಬಾಯಿಗಿಟ್ಟಳು. ಕರೆದೊಯ್ಯಲು ಬಂದಿದ್ದ ಸುಮತಿಗೆ ಕಣ್ಣು ತುಂಬಿತ್ತು.

ಮೊನ್ನೆ ಬೆಳಿಗ್ಗೆ, "ಎಲ್ಲರಿಗೂ ಸಾಲುವಷ್ಟು ಮಜ್ಜಿಗೆ ಕೊಡು ಆಯಿ" ಎಂದು ಮಗಳು ಹಟಹಿಡಿದಾಗ ಸುಮತಿ ತಂಬಿಗೆ ತುಂಬಿಸಿ ಕಳಿಸಿದಳು. ಒಳಕೋಣೆಯಲ್ಲಿ ಅತ್ತೆ ಹಿಂದಿನ ದಿನದಿಂದ ವಾಂತಿ ಮಾಡುತ್ತಿದ್ದರು. "ಹೊರಗೆ ಬಾಯಿಬಿಡಬೇಡ, ಬಾವಿಗೆ ಪುಡಿ ಸುರಿದು ಮನೆಯ ಮಾನ ಕಳೀತಾರೆ" ಎಂದಿದ್ದರು. ಅವರ ಬಟ್ಟೆ ತೊಳೆದ ಕೈಯಲ್ಲೇ ಸುಮತಿ ಮೊಸರು ಕಡೆದಿದ್ದಳು.

*

"ಮಂಜಾ, ನಿನ್ನ ಕಾಳಿ ಎಲ್ಲಿ?" ಸುಮತಿ ಕೇಳಿದಳು.

"ಬೆಳಗಿಂದ ಮಲಗೇ ಅದೆ ಅಮ್ಮ. ನೀರು ನೀರು ಅಂತದೆ. ಇದೊಂದು ಕೆಲಸ ಮುಗಿಸಿ ಹೋಗ್ವ ಅಂತ."

ಸುಮತಿ ಸೆರಗು ಕೆಳಗಿಳಿಸಿದಳು. "ಮಜ್ಜಿಗೆ ನಮ್ಮ ಮನೇದು. ಅತ್ತೆಗೆ ಮೂರು ದಿನದಿಂದ ಇದೇ ಬೇನೆ. ನಾನು ಯಾರಿಗೂ ಹೇಳಲಿಲ್ಲ."

ಮಂಜ ಅವಳ ಮುಖ ನೋಡಿದ. ಹಗ್ಗ ಬಿಟ್ಟು ಗದ್ದೆಯ ಬದುವಿನ ಮೇಲೆ ಓಡತೊಡಗಿದ. ಚೀಲ ಎತ್ತಿಕೊಂಡು ಅವನ ಹಿಂದೆ ಹೊರಟ ಕಂಪೌಂಡರ್ ಒಮ್ಮೆ ತಿರುಗಿದ.

"ನಿಮ್ಮ ಮಗು ಎಲ್ಲಿ?"

"ಮನೆಯಲ್ಲಿ. ಜಗಲಿಯಲ್ಲಿ ಆಡ್ತಾ ಇತ್ತು."

"ಅತ್ತೆಯ ಹತ್ತಿರ ಬಿಡಬೇಡಿ. ಬೇಗ ಹೋಗಿ."

ಸುಮತಿ ಮನೆ ಮುಟ್ಟಿದಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ಒಳಕೋಣೆಯಲ್ಲಿ ಶ್ರೀಮತಿ ಅಜ್ಜಿಯ ತಲೆದಿಂಬಿನ ಪಕ್ಕ ಮೊಣಕಾಲೂರಿ, ಎರಡೂ ಕೈಯಲ್ಲಿ ಹಿತ್ತಾಳೆ ಲೋಟ ಹಿಡಿದು ಕುಳಿತಿದ್ದಳು. ಅಜ್ಜಿಗೊಂದು ಗುಟುಕು, ತನಗೊಂದು ಗುಟುಕು.