ಕುದುರೆಮರಿ ಉಂಡ ನೈವೇದ್ಯ

ಮತ್ತೆ ತಿರುಗಿತು, ಪಿಕಪ್ಪಿನ ಹಿಂಬದಿಯ ಗಾಜಿನಾಚೆ ಕುದುರೆಮರಿಯ ಆ ಎಳೆಯ ಕೊರಳು ಬಿಲ್ಲಿನಂತೆ ಬಾಗಿ ತನ್ನ ಹೊಟ್ಟೆಯನ್ನೇ ನೋಡಿತು, ಅಲ್ಲಿಂದ ಯಾರೋ ಕರೆದ ಹಾಗೆ — ಸೀಟಿನಲ್ಲಿ ಅರ್ಧ ಹೊರಳಿ ಕುಳಿತಿದ್ದ ಹೇರಂಬ ಭಟ್ಟರು ಹಾಗೆಯೇ ಉಳಿದರು, ತೀರ್ಥಹಳ್ಳಿ ದಾಟುವ ತನಕ ಸುಮ್ಮನೆ ನಿಂತಿತ್ತಲ್ಲ, ಸೇತುವೆಯ ಮೇಲೆ ತುಂಗೆಯ ಗಾಳಿಗೆ ಮೂಗರಳಿಸಿತ್ತು, ಅವರು ಕೈಮುಗಿದಿದ್ದರು, ನದಿಗೋ ಮರಿಗೋ ಎಂದು ವಿಂಗಡಿಸುವ ಅಗತ್ಯ ಆಗ ಕಂಡಿರಲಿಲ್ಲ, ಸಾಗರದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತ, ಪ್ರತಿ ಪ್ರಾತಃಕಾಲ ಕುದುರೆಮೊಗದ ದೇವರನ್ನು ಧ್ಯಾನಿಸುತ್ತ ತಲೆ ನರೆತಿತ್ತು, ಜೀವವಿರುವ ಕುದುರೆಯ ಮೈ ಮುಟ್ಟಿದ್ದು ಮಾತ್ರ ಇಂದೇ ಮೊದಲು, ಎಷ್ಟು ಬಿಸಿ, ಎಷ್ಟು ಒದ್ದೆ ಆ ಮೂಗು, ಧ್ಯಾನಶ್ಲೋಕದಲ್ಲಿ ಸ್ಫಟಿಕದ ಬಣ್ಣವಿದೆ, ಬಿಸಿಯ ಮಾತಿಲ್ಲ. ಹಾಲು ಕೊಡ್ತಿಲ್ಲೆ, ಗದ್ದೆ ಹೂಡ್ತಿಲ್ಲೆ, ಎಂತಕ್ಕೆ ಬೇಕು ನಿಂಗಕ್ಕೆ ಇದು, ಎಂದು ಹೆಂಡತಿ ವಿನಯಾ ನಕ್ಕಿದ್ದಳು, ಆದರೂ ಕಡಲೆಬೇಳೆ ಬೇಯಿಸಿ, ಬೆಲ್ಲ ಕೊಬ್ಬರಿ ಹಾಕಿ, ತುಪ್ಪ ತೇಲುವಂತೆ ಹಯಗ್ರೀವ ಮಾಡಿ ಡಬ್ಬಿ ತುಂಬಿಸಿ ಕೊಟ್ಟವಳೂ ಅವಳೇ, ದೇವರಿಗೆ ತೋರ್ಸಿ ಅದ್ರ ಬಾಯಿಗೂ ಒಂದು ಚೂರು ಹಾಕಿ, ಅಂದಿದ್ದಳು, ಒಂದು ಚೂರು.

ಚೂರಿಗೆ ನಿಂತಿತೇ — ಮೇಗರವಳ್ಳಿಯಲ್ಲಿ, ಲಾಯದ ಹಿಂದೆ, ಯಾರೂ ಇಲ್ಲದ ಹೊತ್ತಿನಲ್ಲಿ ಕಣ್ಣು ಮುಚ್ಚಿ ನಿವೇದಿಸಿ ಅಂಗೈ ಚಾಚಿದ್ದರು, ಮರಿ ನೆಕ್ಕಿತು, ಮತ್ತೆ ಬೇಡಿತು, ಅವರ ಮೈಯೆಲ್ಲ ನವಿರೆದ್ದಿತ್ತು, ಇಷ್ಟು ವರ್ಷ ಇಟ್ಟ ನೈವೇದ್ಯ ಇಟ್ಟಲ್ಲೇ ಇರುತ್ತಿತ್ತು, ಇಂದು ತುತ್ತು ತುತ್ತಾಗಿ ಕರಗುತ್ತಿದೆ, ಡಬ್ಬಿಯ ತಳ ಕಂಡಾಗ ಕಣ್ಣು ತುಂಬಿತ್ತು. ಮರಿ ಕೊಟ್ಟ ಪೂರ್ಣೇಶ ಗೌಡರು ಮೊದಲೇ ಹೇಳಿದ್ದರು, ದಾರೀಲಿ ಹುಲ್ಲು, ನೀರು, ಮತ್ತೆಂತದೂ ಬ್ಯಾಡ ಭಟ್ರೇ, ಕುದ್ರೆಗೆ ವಾಂತಿ ಬರಲ್ಲ, ಒಳಗೆ ಹೋಗಿದ್ದು ಒಳಗೇ. ಕೇಳಿಸಿಕೊಂಡಿದ್ದರು, ಆದರೆ ಅದು ಆಹಾರದ ಮಾತು, ಇದು ಪ್ರಸಾದ, ಆಹಾರದ ನಿಯಮ ಪ್ರಸಾದಕ್ಕೆ ಎಲ್ಲಿ ಅನ್ವಯಿಸುತ್ತದೆ ಎಂದುಕೊಂಡಿದ್ದರು — ಈಗ ಮರಿ ಕಾಲಿನಿಂದ ಕೆರೆಯುತ್ತಿದೆ, ಹಲಗೆ ಧಡಧಡ ಎನ್ನುತ್ತಿದೆ, ಕೊರಳು ಮತ್ತೆ ಹೊಟ್ಟೆಯ ಕಡೆಗೆ. ಭಟ್ರೇ, ಬೆವರು ಕಾಣಿ, ಹೊಳೇಲಿ ಮುಳುಗಿಸಿ ತೆಗೆದಂಗಿದೆ, ಎಂತ ತಿನ್ಸಿದ್ರಿ, ಎಂದ ಡ್ರೈವರ್ ತೀರ್ಥೇಶ. ಹುಲ್ಲು. ಬರೀ ಹುಲ್ಲಾ? ಹುಲ್ಲು. ಹುಲ್ಲು ತಿಂದು ಹಿಂಗಾದ್ರೆ ನಮ್ಮನೆ ಎಮ್ಮೆ ಯಾವತ್ತೋ ಸಾಯ್ಬೇಕಿತ್ತು ಮಾರಾಯ್ರೆ. ಬೆಳಿಗ್ಗೆ ಖಾಲಿ ಡಬ್ಬಿ ನೋಡಿ, ನಂಗೊಂದು ಚೂರು ಉಳಿಸದೆ ಪೂರ್ತಿ ಹೊಡೆದ್ರಲ್ಲ ಭಟ್ರೇ, ಎಂದು ರೇಗಿಸಿದ್ದವನೂ ಇವನೇ, ಆಗ ಭಟ್ಟರು ಅಲ್ಲವೆನ್ನದೆ ನಕ್ಕಿದ್ದರು. ಜೇಬಿನಲ್ಲಿ ಫೋನು, ವಿನಯಾಳದು, ಎಲ್ಲಿಗೆ ಬಂದ್ರಿ, ಸಾಗರ ಮುಟ್ಟಿದ್ರಾ, ಮರಿ ಹಯಗ್ರೀವ ತಿಂತಾ? ತಿಂತು, ಎಂದು ಫೋನಿಟ್ಟರು, ಅವಳ ಕೈಯಡುಗೆ, ಅವಳ ಶ್ರದ್ಧೆ, ಇಲ್ಲ, ಅವಳದು ಚೂರು, ಡಬ್ಬಿ ತನ್ನದು.

ಹೊಸನಗರ, ಪಶುವೈದ್ಯರ ಅಂಗಳ, ಇಳಿಸುವಾಗ ಮುಂಗಾಲು ಕುಸಿದು ಮರಿ ಮಲಗಲು ನೋಡಿತು, ಏಳಿಸಿ, ಏಳಿಸಿ, ಎಂದು ಓಡಿಬಂದ ವೈದ್ಯೆ ಸೌಜನ್ಯಾ ಪಕ್ಕೆಗೆ ಸ್ಟೆತಾಸ್ಕೋಪ್ ಒತ್ತಿ ಬಹಳ ಹೊತ್ತು ಆಲಿಸಿದರು, ಕರುಳಲ್ಲಿ ಸದ್ದೇ ಇಲ್ಲ, ಏನು ತಿಂದಿದೆ ಸರಿಯಾಗಿ ಹೇಳಿ, ಅದರ ಮೇಲೆ ಔಷಧಿ, ತಪ್ಪು ಹೇಳಿದ್ರೆ ಮರಿ ಉಳಿಯಲ್ಲ. ಭಟ್ಟರು ಮರಿಯತ್ತ ನೋಡಿದರು — ಪ್ರಸಾದ ಎಂದರೆ ದೇವರ ಶೇಷವನ್ನು ವಿಷವೆಂದಂತೆ, ಹುಲ್ಲು ಎಂದರೆ ಈ ಜೀವ ಹೋದಂತೆ, ಯಾವ ಶಾಸ್ತ್ರದಲ್ಲಿದೆ ಇದಕ್ಕೆ ಪರಿಹಾರ, ಹುಡುಕುವಷ್ಟರಲ್ಲಿ ಕೊರಳು ತಿರುಗುತ್ತಿದೆ, ಹೊಟ್ಟೆಯನ್ನು ನೋಡಿ ನರಳುತ್ತಿದೆ, ವಿಷವಲ್ಲ, ದೇವರದಲ್ಲ, ಕೈ ತಡೆಯದ ತನ್ನ ಆನಂದವೇ ಅಲ್ಲವೇ ಅಲ್ಲಿ ಒಳಗೆ ಉಬ್ಬುತ್ತಿರುವುದು — ಕಡಲೆಬೇಳೆ, ಎಂದರು, ಬೆಲ್ಲ, ತುಪ್ಪ, ಡಬ್ಬಿ ಪೂರ್ತಿ, ನಾನೇ ತಿನ್ನಿಸಿದೆ. ಅಯ್ಯೋ ಭಟ್ರೇ, ಎಂದ ತೀರ್ಥೇಶ. ಸೌಜನ್ಯಾ ಮುಖ ಎತ್ತಲಿಲ್ಲ, ಸೂಜಿ, ಮೂಗಿನೊಳಗೆ ನಳಿಕೆ, ನೀರು, ಎಣ್ಣೆ, ಮಲಗೋಕೆ ಬಿಡ್ಬೇಡಿ, ನಡೆಸ್ತಾ ಇರಿ, ಹೊಟ್ಟೆ ಕಡೆ ತಿರುಗೋದು ನಿಂತ್ರೆ ಸಾಗರದ ದಾರಿ ಹಿಡೀಬಹುದು, ನಿಲ್ಲದಿದ್ರೆ... ಅಂಗಳದಲ್ಲಿ ಸುತ್ತು, ಮತ್ತೊಂದು ಸುತ್ತು, ಹಗ್ಗ ಹಿಡಿದು ಭಟ್ಟರೇ ನಡೆಸುತ್ತಿದ್ದಾರೆ, ಬಾಯಿಗೆ ಯಾವ ಮಂತ್ರವೂ ಬರುತ್ತಿಲ್ಲ, ಕೊರಳು ನೆಟ್ಟಗಿದೆ, ಇನ್ನೂ ನೆಟ್ಟಗಿದೆ, ಈಗ ಬಾಗಿತು, ನಿಧಾನವಾಗಿ, ಹೊಟ್ಟೆಯ ಕಡೆಗೆ, ಅಲ್ಲ, ಇತ್ತ, ತನ್ನ ಕಡೆಗೆ, ಬೆಲ್ಲ ತುಪ್ಪದ ವಾಸನೆ ಆರದ ಅಂಗೈಯ ಕಡೆಗೆ, ಭಟ್ಟರು ಮುಷ್ಟಿ ಬಿಗಿದರು, ಬಿಗಿದ ಮುಷ್ಟಿಯ ಮೇಲೆ ಆ ಬಿಸಿಯುಸಿರು, ಬೇಡುತ್ತ, ಬಾಗಿದ ಕೊರಳು, ಮುಚ್ಚಿದ ಕೈಯೆದುರು ಬಾಗಿದ ಕೊರಳು, ಹೊಟ್ಟೆಯನ್ನು ಮರೆತ ಆ ಕೊರಳು.