ಸೀಗೆಪುಡಿ ಹಚ್ಚಿಸಿಕೊಂಡ ಪೆಕರಿ

ನಾನು ಒಂದು ಪೆಕರಿ. ಹಂದಿಯಲ್ಲ. ಇದನ್ನು ಮೊದಲೇ ಹೇಳಿದರೆ ಜಂಬವಾಗುತ್ತದೋ ಏನೋ. ಹೇಳದಿದ್ದರೆ ನೀವು ಹಂದಿ ಎಂದೇ ಓದಿಬಿಡುತ್ತೀರಿ. ಹಂದಿಯ ಕೋರೆ ಮೇಲಕ್ಕೆ ಬಾಗುತ್ತದೆ, ನಮ್ಮದು ನೆಟ್ಟಗೆ ಕೆಳಕ್ಕೆ. ಹಿಂಗಾಲಿನಲ್ಲಿ ನಮಗೆ ಒಂದು ಗೊರಸು ಕಡಿಮೆ. ಕುತ್ತಿಗೆಗೆ ಬಿಳಿ ಕೂದಲಿನ ಪಟ್ಟಿಯಿದೆ. ನಮ್ಮ ಮೂಲ ಅಮೆರಿಕದ ಕಾಡು. ನಾನು ಹುಟ್ಟಿದ್ದು ಮಾತ್ರ ಮಂಡ್ಯದ ಕಡೆಯ ಒಂದು ಮೃಗಾಲಯದಲ್ಲಿ, ಬೇವಿನ ಮರದ ಕೆಳಗೆ. ಹುಟ್ಟಿದ ದಿನವೇ ಎದ್ದು ಅಜ್ಜಿಯ ಹಿಂದೆ ನಡೆದೆನಂತೆ.

ನಮ್ಮ ಸೊಂಟದ ಮೇಲೆ ಒಂದು ಗ್ರಂಥಿಯಿದೆ. ಅದರ ವಾಸನೆ ಬಲು ಜೋರು. ನಮಗೆ ಕಣ್ಣು ಮಂದ; ಅದಕ್ಕೇ ಒಬ್ಬರ ಸೊಂಟಕ್ಕೆ ಇನ್ನೊಬ್ಬರು ಕೆನ್ನೆ ಉಜ್ಜಿ, ಎಲ್ಲರೂ ಒಂದೇ ವಾಸನೆಯವರಾಗಿ ಬಾಳುತ್ತೇವೆ.

ಒಮ್ಮೆ ಕಾಲಿಗೆ ಮುಳ್ಳು ಚುಚ್ಚಿ, ವಾಸಿಯಾಗುವವರೆಗೆ ನನ್ನನ್ನು ಬೇರೆ ಇಟ್ಟಿದ್ದರು. ನೋಡಿಕೊಳ್ಳಲು ಹೊಸದಾಗಿ ಬಂದ ಜವರಯ್ಯ ಮೂಗು ಮುಚ್ಚಿಕೊಂಡರು.

“ಅಯ್ಯೋ ಮಗಳೇ, ನಿಂಗೆ ಯಾರೂ ನೀರೇ ಹುಯ್ದಿಲ್ವಲ್ಲೇ! ಹಿಂಗೇ ಕಳ್ಸುದ್ರೆ ನಿಮ್ಮೋರು ಏನಂದಾರು?”

ಮನೆಯಿಂದ ಸೀಗೆಪುಡಿ ತಂದು, ಸೊಂಟವನ್ನೇ ಹುಡುಕಿ ಹುಡುಕಿ ತಿಕ್ಕಿದರು. ಆಮೇಲೆ ಹೆಮ್ಮೆಯಿಂದ ಹಿಂಡಿನೊಳಗೆ ಬಿಟ್ಟರು.

ಹಿಂಡು ಹಲ್ಲು ಕಟಕಟಿಸಿತು. ಅಜ್ಜಿಯೇ ಮುಂದೆ ನಿಂತು ನನ್ನನ್ನು ಅಟ್ಟಿದಳು. ನಾನು ಜವರಯ್ಯನವರ ಕಾಲಸಂದಿಗೆ ನುಗ್ಗಿದೆ.

ಡಾಕ್ಟರಮ್ಮ ಓಡಿ ಬಂದರು. “ನೀವು ತೊಳೆದದ್ದು ಕೊಳೆ ಅಲ್ಲ ಜವರಯ್ಯ, ಅದರ ಗುರುತು! ಇವು ಸೇರಿಸ್ಕೊಳ್ದಿದ್ರೆ ಪಾಪ, ಅದು ಒಂಟಿಯಾಗೇ ಇರಬೇಕಾಗತ್ತೆ.”

ಜವರಯ್ಯನವರ ಮುಖ ಸಣ್ಣದಾಯಿತು. ಹಿಂಡು ಮಲಗುವ ಗೋಣಿಚೀಲ ತಂದು, ಸಂಜೆಯವರೆಗೂ ನನ್ನ ಮೈಗೆ ಉಜ್ಜಿದರು. ಉಜ್ಜಿ ಉಜ್ಜಿ ಆ ವಾಸನೆ ಅವರಿಗೂ ಹತ್ತಿತು.

ಮರುದಿನ ಬಂದವರೇ ನನ್ನ ಪಕ್ಕ ಕುಕ್ಕರುಬಡಿದರು. “ನಮ್ಮನೇಲೂ ಅಂಗೇ ಆಯ್ತು ಕಣವ್ವ. ನನ್ ಹೆಂಡ್ತಿ ಪುಟ್ಟತಾಯಿ ಬಾಗ್ಲಲ್ಲೇ ತಡ್ದು, ‘ಯಾರ್ ನೀವು?’ ಅಂದ್ಲು.”

ಅಂದು ಮತ್ತೆ ಗೇಟು ತೆರೆದರು. ಅಜ್ಜಿ ಬಂದು ಮೂಸಿದಳು. ಬಹಳ ಹೊತ್ತು ಮೂಸಿದಳು. ಕೊನೆಗೆ ಕೆನ್ನೆಯನ್ನು ನನ್ನ ಸೊಂಟಕ್ಕೆ ಒತ್ತಿದಳು.

ಈಗ ಅಜ್ಜಿಯಿಲ್ಲ. ನನ್ನ ಕೋರೆಗಳೂ ಸವೆದಿವೆ. ಬೇವಿನ ಬುಡದ ಮೂಲೆಯೇ ನನ್ನ ಜಾಗ. ಮೊನ್ನೆ ಯಾರೋ ಬಂದು ಬೇಲಿಯೊಳಗೆ ಕೈ ಚಾಚಿದರು. ಬರೀ ಪೌಡರಿನ ವಾಸನೆ. ನಾನು ಹಲ್ಲು ಕಟಕಟಿಸಿದೆ.

“ನಾನು ಕಣವ್ವ, ಜವರಯ್ಯ. ರಿಟೈರಾದೆ.”

ದನಿ ಗೊತ್ತಾಯಿತು. ಛೇ, ಎಂಥ ತಪ್ಪು ಮಾಡುತ್ತಿದ್ದೆ! ಬೆನ್ನು ತಿರುಗಿಸಿ, ಅವರ ಕೈಗೆ ಸೊಂಟವನ್ನು ಚೆನ್ನಾಗಿ ಉಜ್ಜಿದೆ.

“ಅಯ್ಯೋ, ಹೊಸ ಶರಟು ಕಣ್ರೀ!” ಹಿಂದಿನಿಂದ ಪುಟ್ಟತಾಯಮ್ಮ ಕೂಗಿದರು.

ಜವರಯ್ಯ ಕೈ ಹಿಂದಕ್ಕೆಳೆಯಲಿಲ್ಲ.